ಕೂಸು ತಗೋರಿ

ಶಹಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಯಿ ಓಣಿಯ ಕೂಸುಗಳಿಗೆಲ್ಲ ನೀರು ಹಾಕುತ್ತಿದ್ದವರು. ನನಗೂ ಅವರೇ ಹಾಕಿದ್ದರಂತೆ. ಬಚ್ಚಲಿನ ಫರಸಿಕಲ್ಲಿನ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಮೊಳಕೈ ಅದ್ದಿ ನೀರಿನ ಬಿಸಿ ನೋಡುವರು. ಮುಗಿದ ಮೇಲೆ ಒಳಮನೆಗೆ ಕೇಳುವಂತೆ, "ತಗೋರೆವ್ವಾ, ಕೂಸು ತಗೋರಿ!" ಎಂದು ಕೂಗುವರು. ಯಾರಾದರೂ ಒಣ ಬಟ್ಟೆ ಹಿಡಿದು ಓಡಿ ಬರಬೇಕು. ಅಲ್ಲಿಯವರೆಗೆ ಅವರು ಕಾಲು ಮಡಚುವಂತಿಲ್ಲ.

ಈಚೆಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನನಗೆ ಮಗಳು ಹುಟ್ಟಿದಾಗ ತಾವಾಗಿಯೇ ಬಾಗಿಲಿಗೆ ಬಂದರು, ಸೀರೆಯನ್ನು ಮೊದಲೇ ಎತ್ತಿ ಕಟ್ಟಿಕೊಂಡು.

"ನೀರ ಕಾದಾವೇನವ್ವ?"

"ಬ್ಯಾಡ ಆಯಿ. ಹ್ಯಾಂಗ ಮಾಡ್ಬೇಕಂತ ದವಾಖಾನ್ಯಾಗ ತೋರಿಸಿ ಕಳಿಸ್ಯಾರ."

"ಹೌದಾ? ಛಲೋ ಆತು ಬಿಡವ್ವ," ಎಂದು ಸೆರಗಿಗೆ ಕೈ ಒರೆಸಿಕೊಂಡರು. ಕೈ ಒದ್ದೆಯಾಗಿರಲಿಲ್ಲ.

ಮರುದಿನ ಮಗಳಿಗೆ ನೀರು ಹಾಕಲು ಹೊರಟವಳು ಕಿಟಕಿಯ ಬಳಿ ನಿಂತೆ. ಆಯಿ ತಮ್ಮ ಅಂಗಳದಲ್ಲಿ ಕಾಲು ನೀಡಿ ಕೂತು, ಸಾಕಿದ ಕಂದು ನಾಯಿಯನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಅದರ ಕಾಲುಗಳು ಎರಡೂ ಕಡೆ ಜೋತಾಡುತ್ತಿದ್ದವು. ಮೊಳಕೈ ಅದ್ದಿ ನೋಡಿ, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು ಎರೆದರು. ಕೊನೆಯ ತಂಬಿಗೆ ನೀರನ್ನು ನಿವಾಳಿಸಿ ಚೆಲ್ಲಿದರು. ಆಮೇಲೆ ರೂಢಿಯಂತೆ ಕೂಗಿಯೇಬಿಟ್ಟರು: "ತಗೋರೆವ್ವಾ, ಕೂಸು ತಗೋರಿ!"

ನಾಯಿ ಮೈ ಝಾಡಿಸಿ ಓಡಿತು. ಅವರು ಕಾಲು ನೀಡಿಕೊಂಡೇ ಕೂತಿದ್ದರು. ನನ್ನ ಕೈಯಲ್ಲಿ ಮಗಳ ಒಣ ಬಟ್ಟೆ ಇತ್ತು. ನಾನು ಕಿಟಕಿ ಬಿಟ್ಟು ಕದಲಲಿಲ್ಲ.