ಅಣ್ಣನ ಮಾತ್ರೆ, ಫೋನಿನ ವಾದ

ಕಳೆದ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ನೊಣವಿನಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಹಿಂದಿನ ದಿನ ಅಣ್ಣ ತೆಂಗಿನ ತೋಟದಲ್ಲಿ ನನ್ನ ಕಣ್ಣೆದುರೇ ಕುಸಿದಿದ್ದ. ಬಿ.ಪಿ. ಮಾತ್ರೆಯನ್ನು ಅವನು ತಲೆ ಸುತ್ತಿದ ದಿನ ಮಾತ್ರ ನುಂಗುತ್ತಿದ್ದ.

ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ತಮ್ಮ ಫೋನನ್ನು ಅವನ ಮುಂದಿಟ್ಟರು. ಅದರೊಳಗಿನ ಕೃತಕ ಬುದ್ಧಿಮತ್ತೆ ಕನ್ನಡದಲ್ಲೇ ಮಾತಾಡುತ್ತಿತ್ತು. ಮೊದಲು ಅವನ ಕಸುಬು ಕೇಳಿತು, ಆಮೇಲೆ ದಿನವೂ ಮಾತ್ರೆ ನುಂಗದಿರಲು ಕಾರಣ ಕೇಳಿತು.

"ಚೆನ್ನಾಗಿರೋ ದಿನ ಯಾಕೆ ನುಂಗ್ಲಿ? ಆಮೇಲೆ ಸಾಯೋವರ್ಗೂ ಬುಡಂಗಿಲ್ಲ," ಎಂದ ಅಣ್ಣ.

"ಬಹಳ ಕಾಲ ನುಂಗಬೇಕಾಗಬಹುದು, ಅದು ನಿಜ," ಎಂದು ಫೋನು ಒಪ್ಪಿಕೊಂಡಿತು. "ಆದರೆ ತೆಂಗಿನ ಗರಿ ಜೋತುಬಿದ್ದ ದಿನ ಮಾತ್ರ ನೀರು ಬಿಡುತ್ತೀರಾ?"

"ಯಾವನಾದ್ರೂ ಹಂಗ್ ಮಾಡ್ತಾನಾ? ಅಷ್ಟೊತ್ತಿಗೆ ಎಳೇ ಕಾಯೆಲ್ಲ ಉದುರೋಗಿರ್ತವೆ..." ಎನ್ನುತ್ತ ಅಣ್ಣ ಮಾತ್ರೆಯತ್ತ ನೋಡಿದ.

"ತೋಟದ ಮೇಲಿರೋ ನಿಗಾ ಮೈಮೇಲಿಲ್ಲ ಕಣಮ್ಮ ಇವರ್ಗೆ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ನರ್ಸಮ್ಮನಿಗೆ.

ಅಣ್ಣ ಮಾತ್ರೆಗೆ ಕೈ ಚಾಚಿದ. ಅಂದಿನಿಂದ ದಿನವೂ ನುಂಗುತ್ತಿದ್ದಾನೆ.

ಇದನ್ನು ನನ್ನೊಡನೆ ನೋಡಿದವರು ಅತ್ತಿಗೆ ಮತ್ತು ನರ್ಸಮ್ಮ. ಇಬ್ಬರೂ ಇದ್ದಾರೆ, ಬೇಕಿದ್ದರೆ ಕೇಳಿ. ಅಣ್ಣನೂ ಇದ್ದಾನೆ.