ಹುಸೇನಪ್ಪ ತೊಳೆದ ಮೂಲೆ

ಹುಸೇನಪ್ಪ ಮನೆಗೆ ಬಂದರೆ ಕೂಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಎರಡೂ ಅಂಗೈ ನೆಲಕ್ಕೆ ಊರಿ, ಮೊಣಕಾಲ ಮೇಲೆ ಸರಿಯುತ್ತ ಮೂಲೆಮೂಲೆ ಮೂಸುತ್ತಿದ್ದ. ಮೂಸಿದ ಮೇಲೆ ಕಣ್ಣು ಮುಚ್ಚಿ, ಸಾರಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ನೋಡುವವನ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ನಮ್ಮ ನಾಯಿ ಕರಿಯ ಅವನ ಹಿಂದೆ ನಿಂತು, ನನ್ನ ಕೆಲಸ ಮಾಡಲು ಇವನ್ಯಾರು ಅನ್ನುವಂತೆ ನೋಡುತ್ತಿದ್ದ.

ಹುಸೇನಪ್ಪ ರಾಯಚೂರಿನ ದನದ ದವಾಖಾನೆಯಲ್ಲಿ ಕಂಪೌಂಡರ್. ಊರು ಮಾನ್ವಿ ಕಡೆಯ ಮಲ್ಲಟ. ಕೂಲಿ ಮಾಡುವವರ ಮನೆ. ಊರ ಹೊರಗಿನ ಅವರ ಕೇರಿಯಲ್ಲಿ ಸರ್ಕಾರಿ ನೌಕರಿ ಹಿಡಿದ ಮೊದಲ ಮನುಷ್ಯ ಅವನೇ. ಎತ್ತಿಗೂ ನಾಯಿಗೂ 'ರೀ' ಹಚ್ಚಿ ಮಾತಾಡುವುದು ಅವನ ಚಟ. "ಸ್ವಲ್ಪ ಸರೀರಿ ಸಾವ್ಕಾರ, ಸೂಜಿ ಚುಚ್ಚತೀನಿ" ಎಂದು ಹೋರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ.

"ಅದಕ್ಕೇನು ತಿಳೀತದಲೇ?" ಎಂದು ಹೋರಿಯ ಯಜಮಾನ ನಕ್ಕ.

"ತಿಳೀಲಾರದವ್ರಿಗೆಲ್ಲಾ ರೀ ಅಂತೀನ್ರೀ. ಇವ್ರೊಬ್ರನ್ನ ಯಾಕ ಬಿಡ್ಲಿ?"

ಎಮರ್ಜೆನ್ಸಿ ಮುಗಿದು ಒಂದೆರಡು ವರ್ಷವಾಗಿತ್ತು. ಚಂದ್ರಬಂಡದ ರಸ್ತೆಗೆ ರಾಯಚೂರಿನ ಕೊನೆಯ ಮನೆ ನಮ್ಮದು. ನಮ್ಮವರು ಮಾನ್ವಿಯ ಅಕ್ಕಿ ಮಿಲ್ಲಿನಲ್ಲಿದ್ದು ಆದಿತ್ಯವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ನಾನು, ಎರಡು ಹೆಣ್ಣುಮಕ್ಕಳು. ಹಿಂದಿನ ವರ್ಷ ಕಳ್ಳರು ಬಾಗಿಲು ಮುರಿದು ಹಿತ್ತಾಳೆ ಕೊಡಗಳನ್ನು ಒಯ್ದಿದ್ದರು. ಅದಕ್ಕೇ ಕರಿಯನನ್ನು ತಂದದ್ದು. ಪ್ರೀತಿಗೀತಿ ಏನಿರಲಿಲ್ಲ. ಅವನು ಬಂದ ಮೇಲೆ ನನಗೆ ನಿದ್ದೆ ಬಂತು, ಅಷ್ಟೆ.

ಎಂಟು ತಿಂಗಳು ತುಂಬುತ್ತಲೂ ಗಂಡುಬುದ್ಧಿ ತೋರಿಸಿದ. ಹೊರಗೆಲ್ಲ ತಿರುಗಿ ಬಂದು ಒಳಗೆ ಕಾಲೆತ್ತುವುದು. ಜೋಳದ ಚೀಲಕ್ಕೆ, ಬಾಗಿಲ ಚೌಕಟ್ಟಿಗೆ, ಕೊನೆಗೆ ದೇವರ ಜಗಲಿಯ ಮೂಲೆಗೆ. ಹೊಡೆದೆ. ಮೂತಿ ಹಿಡಿದು ನೆಲಕ್ಕೆ ತಿಕ್ಕಿದೆ. ತೊಳೆದೆ. ಮತ್ತೆ ಅದೇ ಮೂಲೆ. ಅತ್ತೆ ಲಿಂಗಪೂಜೆಯಾಗದೆ ತುತ್ತು ಎತ್ತುವವಳಲ್ಲ, ಹೊಲಸಾದ ಜಾಗದಲ್ಲಿ ಪೂಜೆಗೆ ಕೂಡುವವಳೂ ಅಲ್ಲ. ಎರಡು ದಿನ ಬರೀ ನೀರು ಕುಡಿದಳು. ನಮ್ಮವರಿಗೆ ಸುದ್ದಿ ಮುಟ್ಟಿತು. ಬರುವ ಆದಿತ್ಯವಾರ ನಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಗೂಗಲ್ ಊರಿನ ಹತ್ತಿರ ಕೃಷ್ಣಾ ಹೊಳೆ ದಾಟಿಸಿ ಬಿಡುತ್ತೇನೆ ಎಂದು ಹೇಳಿ ಕಳಿಸಿದರು. ನಾಯಿ ಹೋದರೆ ನನ್ನ ನಿದ್ದೆ ಹೋಗುತ್ತದೆ, ನಾಯಿ ಉಳಿದರೆ ಮುದುಕಿ ಹೋಗುತ್ತಾಳೆ. ಕೂತರೆ ಏಳಬೇಕು, ಎದ್ದರೆ ಕೂಡಬೇಕು ಅನ್ನಿಸುತ್ತಿತ್ತು. ಬುಧವಾರ ದವಾಖಾನೆಗೆ ನಡೆದೆ.

ಸಂಜೆ ಹುಸೇನಪ್ಪ ಸೈಕಲ್ ಮೇಲೆ ಬಂದ. ಪಡಸಾಲೆ ಮೂಸಿ ಮುಗಿಸಿ ದೇವರ ಕೋಣೆಯ ಹೊಸ್ತಿಲಿಗೆ ಬಂದು ನಿಂತ. ಒಳಗೆ ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಅಲ್ಲೇ ನಿಂದ್ರಪಾ," ಎಂದಳು.

"ನಿಂತೀನ್ರೀ ಯವ್ವಾ. ಆದ್ರ ಮೂಲಿ ಅಲ್ಲಿ ಅದ, ಮೂಗು ಇಲ್ಲಿ ಅದ."

"ಬಾ ಒಳಗ," ಎಂದೆ ನಾನು. ಅತ್ತೆ ಮುಖ ಆಚೆ ತಿರುಗಿಸಿದಳು.

ಬಗ್ಗಿ ಒಮ್ಮೆ ಮೂಸಿದ, ಮತ್ತೊಮ್ಮೆ ಮೂಸಿದ. "ಅಕ್ಕಾರ, ಇಲ್ಲಿ ನಾಯಿಗಿಂತ ಆಕಳ ವಾಸನಿ ಜಾಸ್ತಿ ಅದ."

"ಅದು ಶುದ್ಧಿ. ಪ್ರತಿ ಸಲ ತೊಳದ ಮ್ಯಾಲ ಗೋಮೂತ್ರ ಹಾಕ್ತೀನಿ."

ಹುಸೇನಪ್ಪ ಹಿಮ್ಮಡಿಯ ಮೇಲೆ ಕುಕ್ಕರಿಸಿ ಕರಿಯನ ಕಡೆ ಕೈ ಮಾಡಿದ. "ನಿಮಗ ಅದು ಶುದ್ಧಿ. ಇವ್ರಿಗೆ, ಬ್ಯಾರೇ ಯಾರೋ ಬಂದು ಉಚ್ಚಿ ಹೊಯ್ದು ಹೋದಂಗ. ಹರೇದ ಗಂಡಸು, ಸುಮ್ಮನಿರ್ತಾರೇನ್ರೀ? ಜಾಗ ನಂದು ಅಂತ ಅದರ ಮ್ಯಾಲ ತಾವೂ ಹೊಯ್ತಾರ. ದಿನಾ ನೀವು ಕರಿಯಾಕತ್ತೀರಿ, ದಿನಾ ಅವ್ರು ಬರಾಕತ್ತಾರ."

ನೆಲಕ್ಕೆ ಹಾಸಿದ ಪರ್ಸಿಕಲ್ಲಿನ ಸಂದಿಗಳನ್ನು ಕಬ್ಬಿಣದ ಮೊಳೆಯಿಂದ ಕೆರೆದ. ಬಿಸಿನೀರಿಗೆ ಬಟ್ಟೆಸೋಡಾ ಹಾಕಿ ಮೂರು ಸಲ ತಿಕ್ಕಿ ತೊಳೆದು, ಒರೆಸಿ, ಕಿಟಕಿ ತೆರೆದ. ಆಮೇಲೆ ನನಗೆ ಪಾಠ. ಹೊಡೆಯಬಾರದು, ಹೊಡೆದರೆ ನಾವಿಲ್ಲದಾಗ ಕಾಲೆತ್ತುತ್ತದೆ. ಮನೆಯಲ್ಲಿರುವಷ್ಟು ಹೊತ್ತು ಕರಿಯನ ಹಗ್ಗ ನನ್ನ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಗೋಡೆ ಮೂಸಲು ಶುರುಮಾಡಿದ ಕೂಡಲೇ ಹೊರಗೆ ಬೇವಿನ ಮರಕ್ಕೆ ಒಯ್ಯಬೇಕು. ಬೀಜ ತೆಗೆಸುವುದನ್ನು ಆಮೇಲೆ ಡಾಕ್ಟರ್ ನೋಡುತ್ತಾರೆ.

"ಮತ್ತ ಎಂಟು ದಿನ ಇವ್ರ ರೊಟ್ಟಿ ಇದೇ ಮೂಲ್ಯಾಗ ಹಾಕ್ರಿ. ಉಣ್ಣೋ ಜಾಗದಾಗ ಕಾಲೆತ್ತಂಗಿಲ್ಲ."

"ದೇವರ ಮುಂದ ನಾಯಿ ಉಣ್ಣಬೇಕ?" ಅತ್ತೆ ಗೋಡೆಯ ಕಡೆಯಿಂದಲೇ ಕೇಳಿದಳು.

"ದೇವರು ಸಿಟ್ಟಾದ್ರ ನನ್ನ ಹೆಸರು ಹೇಳ್ರಿ ಯವ್ವಾ."

ಉಳಿದ ಸೋಡಾದ ಪೊಟ್ಟಣ ನನ್ನ ಕೈಗೆ ಕೊಟ್ಟು ಹೋದ. ಸೈಕಲ್ ತಿರುವು ದಾಟುವುದೇ ತಡ, ಅತ್ತೆ ಅಂದಳು: "ಅಂವ ಜಗಲಿ ಮುಂದ ಹೆಜ್ಜಿ ಇಟ್ಟಾನ. ಶುದ್ಧಿ ಮಾಡು. ಅಂದ್ರನ ಪೂಜಾಕ್ಕ ಕೂಡ್ತೀನಿ."

ಅವನು ಹೇಳಿದ್ದೆಲ್ಲ ಕೇಳಿಸಿಕೊಂಡವಳು ನಾನು. ಆದರೂ ಚೊಂಬು ತಂದು ಗೋಮೂತ್ರ ಚಿಮುಕಿಸಿದೆ. ಹಸಿದ ಮುದುಕಿಯ ಜೊತೆ ವಾದ ಮಾಡಲು ತಾಳ್ಮೆ ಇರಲಿಲ್ಲ ಎಂದು ಹೇಳಬಹುದು. ನಿಜ ಹೇಳಬೇಕೆಂದರೆ, ಅಂಥವನ ಹೆಜ್ಜೆ ತೊಳೆಯುವುದು ನನಗೂ ಸಹಜವೇ ಆಗಿತ್ತು. ಅತ್ತೆ ಪೂಜೆ ಮಾಡಿದಳು, ಎರಡು ರೊಟ್ಟಿ ತಿಂದಳು. ಮರುದಿನ ಹೊತ್ತು ಏರುವುದರೊಳಗೆ ಕರಿಯ ಹಗ್ಗ ಬಿಡಿಸಿಕೊಂಡು ಹೋಗಿ ಅದೇ ಮೂಲೆಗೆ ಕಾಲೆತ್ತಿದ.

ಶುಕ್ರವಾರ ಹುಸೇನಪ್ಪ ತಾನಾಗಿಯೇ ನೋಡಲು ಬಂದ. ಈ ಸಲ ಬಗ್ಗಲೂ ಇಲ್ಲ. ಹೊಸ್ತಿಲಲ್ಲಿ ನಿಂತೇ ನನ್ನ ಮುಖ ನೋಡಿದ.

"ನನ್ನ ಹೆಜ್ಜಿ ತೊಳದ್ರೇನ್ರೀ ಅಕ್ಕಾರ?"

"ಹೂಂ."

"ಸೋಡಾ ಕೊಟ್ಟು ಹೋಗಿದ್ನಲ್ರೀ. ನನ್ನ ಹೆಜ್ಜಿಗೂ ಅದೇ ಸಾಕಿತ್ತು."

ಇಷ್ಟೇ ಅಂದ. ಒಳಗೆ ಹೋಗಿ ಮೊದಲಿನಿಂದ ಕೆರೆಯಲು ಕೂತ. ಬೆವರು ಮೂಗಿನ ತುದಿಯಿಂದ ಕಲ್ಲಿನ ಮೇಲೆ ಬೀಳುತ್ತಿತ್ತು. ಅತ್ತೆ ನೋಡುತ್ತಿದ್ದಳು. ಅವನು ಹೋದ ಮೇಲೆ ನಾನು ಚೊಂಬಿಗೆ ಕೈ ಹಾಕಲಿಲ್ಲ, ಅವಳು ಕೇಳುತ್ತಾಳೇನೋ ಎಂದು ಕಾದೆ. "ನಾಯಿ ಉಚ್ಚಿಗಿಂತ ಅವನ ಹೆಜ್ಜಿ ವಾಸಿ. ರೊಟ್ಟಿ ಅಲ್ಲೇ ಹಾಕು ಆ ಮೂಳ ನಾಯಿಗೆ," ಎಂದಳು. ಅವಳ ಮನಸ್ಸು ಬದಲಾಯಿತು ಎಂದು ನಾನು ಬರೆಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿದಳು. ಅವಳು ಜಗಲಿಯ ಮುಂದೆ, ಕರಿಯ ಮೂಲೆಯಲ್ಲಿ, ಹೀಗೆ ಎರಡು ದಿನ ಉಂಡರು.

ಆದಿತ್ಯವಾರ ನಮ್ಮವರು ಚೀಲ, ಹಗ್ಗ ಹಿಡಿದೇ ಬಂದರು. ಬೆಳಗಿನಿಂದ ಮಧ್ಯಾಹ್ನದ ತನಕ ನಾಯಿಯ ಹಿಂದೆಯೇ ತಿರುಗಿದರು. ಕರಿಯ ಮೂಲೆ ಮೂಸಿದ. ತಟ್ಟೆ ನೆಕ್ಕಿದ, ಹೊರಗೆ ಹೋಗಿ ಬೇವಿನ ಮರಕ್ಕೆ ಕಾಲೆತ್ತಿದ. ಸಂಜೆ ನಮ್ಮವರು ಆ ಚೀಲದಲ್ಲಿ ಮಿಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋದರು.

ಮುಂದಿನ ವರ್ಷ ಹುಸೇನಪ್ಪನಿಗೆ ದೇವದುರ್ಗಕ್ಕೆ ವರ್ಗವಾಯಿತು. ಹೇಳಿ ಹೋಗಲು ಬಂದವನು ಹೊರಗಿನ ಕಟ್ಟೆಯ ಮೇಲೆ ಕೂತ. ಅತ್ತೆಯೇ ಬಾಗಿಲಿಗೆ ಬಂದಳು.

"ಒಳಗ ಬಾರಪ್ಪಾ, ಚಾ ಕುಡಿ."

"ಇಲ್ಲೇ ಕುಡೀತೀನ್ರೀ ಯವ್ವಾ. ಒಳಗ ನಂದೇನು ಕೆಲಸ ಉಳದಿಲ್ಲ."

ಸಿಟ್ಟಿನಿಂದ ಅಂದದ್ದಲ್ಲ. ಮಳೆ ಬಂತೇ ಎಂದು ಕೇಳಿದರೆ ಇಲ್ಲ ಅನ್ನುವ ಹಾಗೆ ಅಂದ. ನಾನು ಚಹಾ ತಂದುಕೊಟ್ಟೆ. ಕುಡಿದು, ತೊಟ್ಟಿಯ ನೀರಿನಿಂದ ಲೋಟವನ್ನು ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ. ತೊಳೀಬ್ಯಾಡ, ಇಡು ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ದೇವದುರ್ಗದ ಬಸ್ಸಿನ ಹೊತ್ತಾತು," ಎಂದೆ.

"ಹೌದ್ರೀ," ಎಂದು ಎದ್ದ.