ಬಾಲದ ಮೇಲಿನ ಬಾಮೈದ

ಇಪ್ಪತ್ತೆರಡು ವರ್ಷಗಳಲ್ಲಿ ಆರು ಕಂಬ, ಎರಡು ಶಟರು, ಒಬ್ಬ ಸೂಪರ್‌ವೈಸರನ ಹೆಬ್ಬೆರಳು. ಇಷ್ಟನ್ನು ಬಲಿ ತೆಗೆದುಕೊಂಡ ಫೋರ್ಕ್‌ಲಿಫ್ಟ್ ಡ್ರೈವರನಿಗೆ ಗೋದಾಮಿನವರು ‘ಗೋಡೆಮುರುಕ’ ಎಂಬ ಬಿರುದು ದಯಪಾಲಿಸಿದ್ದರು. ಅವನ ರಥ, ಅಂದರೆ ಆ ಫೋರ್ಕ್‌ಲಿಫ್ಟ್, ಎತ್ತಬಲ್ಲದ್ದು ಎರಡೇ ಟನ್. ಅದಕ್ಕಿಂತ ಭಾರವಾದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಆಗ ಹೆಂಡತಿಯ ತಮ್ಮ, ನೂರಿಪ್ಪತ್ತು ಕಿಲೋದ ಲೋಡರ್, ರಥದ ಹಿಂಬದಿಯ ಬಾಲದ ಮೇಲೆ ಹತ್ತಿ ನಿಲ್ಲಬೇಕು. ಕಾನೂನಿಗೆ ವಿರುದ್ಧವೇ ಸರಿ. ಆದರೆ ಬಾಮೈದನ ಹೊಟ್ಟೆ ಕಾನೂನಿಗಿಂತ ದೊಡ್ಡದು.

ಆ ಬೆಳಿಗ್ಗೆ ಮ್ಯಾನೇಜರ್ ಎರಡು ಟನ್ನಿಗೂ ಮೀರಿದ ಉಕ್ಕಿನ ಅಚ್ಚೊಂದನ್ನು ತೋರಿಸಿದ. “ಇದು ಲಾರಿಗೆ ಹೋಗ್ಬೇಕು. ಏನಾದ್ರೂ ಎಡವಟ್ಟಾಯ್ತೋ, ಕೀಲಿ ಇಟ್ಟು ಮೂಟೆ ಹೊರೋಕೆ ನಡಿ.”

ಗೋಡೆಮುರುಕನ ತೂಕ ನಲವತ್ತೆಂಟು ಕಿಲೋ. ಮೂಟೆಯೇ ಅವನನ್ನು ಹೊತ್ತೀತು!

ಬಾಮೈದ ಹತ್ತಿದ. ಅಚ್ಚು ಗೇಣೆತ್ತರ ಎದ್ದಿತು. ಲಾರಿ ಡ್ರೈವರ್ ಕಿಸಕ್ಕನೆ ನಕ್ಕ. “ಭಾವನ ಬಾಲಕ್ಕೆ ಕಟ್ಟಿದ ಗುಂಡುಕಲ್ಲು ನೋಡ್ರೋ!”

“ಯಾವನೋ ಅವ್ನು?” ಮಾನವಂತ ಬಾಮೈದ ಧುಮುಕಿಯೇಬಿಟ್ಟ.

“ಇಳೀಬೇಡ ಕಣೋ!” ಗೋಡೆಮುರುಕ ಕೂಗಿದ.

ಅಷ್ಟರಲ್ಲಿ ರಥದ ಬಾಲ ಮೊಳದೆತ್ತರ ಎದ್ದಿತ್ತು. ಅಚ್ಚು ಫೋರ್ಕಿನ ತುದಿಗೆ ಜಾರಿ, ಅದರ ಅಂಚು ಎದುರಿಗೆ ನಿಂತಿದ್ದ ಮ್ಯಾನೇಜರನ ಎಡಪಾದದ ಮೇಲೆ ಕೂತಿತು. ಮೂಳೆ ಲಟಕ್ಕೆಂದಿತು.

ಅತ್ತ ಮಹಾಯುದ್ಧ. ಲಾರಿ ಡ್ರೈವರ್ ಬೀಸಿದ ಜಾಕ್ ರಾಡಿನ ಏಟಿಗೆ ಬಾಮೈದನ ಕಿವಿ ಹರಿಯಿತು. ಬಾಮೈದನ ತಲೆಡಿಕ್ಕಿಗೆ ಲಾರಿ ಡ್ರೈವರನ ಎರಡು ಹಲ್ಲು ನೆಲ ಕಂಡವು.

“ಅಯ್ಯೋ, ನನ್ನ ಕಾಲು!” ಮ್ಯಾನೇಜರ್ ಅರಚಿದ.

“ಲೋ, ನಿಮ್ಮಕ್ಕನ ಅನ್ನ ಹೋಗುತ್ತೆ ಕಣೋ! ಅವನನ್ನೂ ಎಳ್ಕೊಂಡು ಹತ್ತೋ!” ಗೋಡೆಮುರುಕ ಗುಡುಗಿದ.

ಬಾಮೈದ ಶತ್ರುವಿನ ಕುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡೇ ಹತ್ತಿದ. ಬಾಲ ಇಳಿಯಿತು. ಅಲ್ಲಿಯೂ ಗುದ್ದಾಟ ನಿಲ್ಲಲಿಲ್ಲ. ಗುದ್ದಿಗೊಮ್ಮೆ ರಥ ಓಲಾಡಿತು. ಗೋಡೆಮುರುಕ ಮಾತ್ರ ಉಸಿರು ಬಿಗಿಹಿಡಿದು ಲಿವರನ್ನು ಕೂದಲೆಳೆಯಷ್ಟೇ ಎಳೆದ, ಅಚ್ಚನ್ನು ಎತ್ತಿದ, ಪಕ್ಕಕ್ಕೆ ಇಳಿಸಿದ.

ಮ್ಯಾನೇಜರ್ ಒಂಟಿಗಾಲಲ್ಲಿ ಕುಪ್ಪಳಿಸಿ ಬಂದು ಗೋಡೆಮುರುಕನ ಕಪಾಳಕ್ಕೆ ಬಿಗಿದ. ಅವನನ್ನು ಕೆಳಗೆಳೆದು, ಕೀಲಿ ಕಿತ್ತು ಬಾಮೈದನತ್ತ ಚಾಚಿದ. “ಇನ್ಮೇಲೆ ನೀನೇ ಓಡ್ಸು.”

ಬಾಮೈದ ಕಿವಿಯ ರಕ್ತ ಒರೆಸಿಕೊಂಡ. “ಓಡಿಸ್ತೀನಿ ಸಾರ್. ಆದ್ರೆ ಹಿಂದೆ ಯಾರು ನಿಲ್ತಾರೆ? ಭಾವ ನಿಂತ್ರೆ ನೊಣ ಕೂತ ಹಾಗೆ. ನೀವು ನಿಲ್ತೀರಾ?”

ಮ್ಯಾನೇಜರ್ ಅಚ್ಚನ್ನು ನೋಡಿದ, ಊದುತ್ತಿದ್ದ ಕಾಲನ್ನು ನೋಡಿದ, ಕೀಲಿಯನ್ನು ಗೋಡೆಮುರುಕನ ಮುಖಕ್ಕೆ ಬೀಸಿ ಎಸೆದ. ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಗೋಡೆಮುರುಕ ಹಲ್ಲು ಕಿರಿಯುತ್ತ ಸೀಟಿಗೇರಿ ಕೀಲಿ ತಿರುಗಿಸಿದ.